ಹಂಪಿ, ತಾಜ್‌ಮಹಲ್ ಆಮೇಲೆ. ಮೊದಲು ನಮ್ಮ ಹಲಸೂರು, ದೊಮ್ಮಲೂರು, ಕಾಡುಗೋಡಿ ನೋಡಿ: ದಂಡು ಪ್ರದೇಶ ಮತ್ತು ಪೂರ್ವ ಬೆಂಗಳೂರಿನ ಹಳೆಯ ತಾಣಗಳ ಮಾಹಿತಿ

ಬೆಂಗಳೂರು: ಊರಿಂದ ನೆಂಟರು ಬಂದರೆ ‘ಏನು ತೋರಿಸೋದು’ ಅನ್ನೋ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ ಆದಮೇಲೆ ಎಲ್ಲರೂ ಮೈಸೂರಿನ ಬಸ್ ಹತ್ತುತ್ತಾರೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಕಡೆ ನೋಡೋಕೆ ಏನೂ ಇಲ್ಲ, ಬರೀ ಅಂಗಡಿ, ಟ್ರಾಫಿಕ್ಕು ಅಂತ ನಮ್ಮವರೇ ಹೇಳ್ತಾರೆ.

ಆದರೆ ಈ ಭಾಗದಲ್ಲಿ ಸುಮಾರು ಸಾವಿರ ವರ್ಷ ಹಳೆಯ ಶಾಸನ ಇದೆ. ಏಳುನೂರು ವರ್ಷದ ಹಿಂದೆ ಕೆರೆ ಕಟ್ಟಿದ್ದನ್ನು ಹೇಳುವ ಕಲ್ಲು ಇದೆ. ಕೆಂಪೇಗೌಡರ ಹೆಸರಿನ ಗೋಪುರ ಇದೆ. ಬ್ರಿಟಿಷರ ದಂಡಿನ ಚರ್ಚು, ಮಾರುಕಟ್ಟೆ, ರೈಲು ನಿಲ್ದಾಣ ಇವೆ. ಭಾರತದ ನಕ್ಷೆ ತಯಾರಿಸಲು ನೆಲ ಅಳೆದ ಕೆಲಸಕ್ಕೂ ಕೆ.ಆರ್.ಪುರಕ್ಕೂ ಸಂಬಂಧ ಇದೆ. ಇವುಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಸುಣ್ಣ ಬಣ್ಣದಡಿ ಮುಚ್ಚಿವೆ, ಒಂದೆರಡು ನಮ್ಮ ಕಣ್ಣೆದುರೇ ಹೋಗಿವೆ. ಯಾವುದು ಎಲ್ಲಿದೆ, ಏನು ವಿಶೇಷ, ಉಳಿಸಲು ನಾವೇನು ಮಾಡಬಹುದು ಅನ್ನೋ ಪೂರ್ತಿ ವಿವರ ಇಲ್ಲಿದೆ.

ಒಂದೇ ನೋಟದಲ್ಲಿ

- 1043: ಕಾಡುಗೋಡಿಯ ಚೋಳರ ಕಾಲದ ಕೆರೆ ಶಾಸನ
- 1270: ದೊಮ್ಮಲೂರು ಚೊಕ್ಕನಾಥಸ್ವಾಮಿ ದೇವಸ್ಥಾನದ ದಾನ ಶಾಸನ
- 1307: ವಿಭೂತಿಪುರದ ಹೊಯ್ಸಳರ ಕಾಲದ ಶಾಸನ
- 16ನೇ ಶತಮಾನ: ಹಲಸೂರು ಸೋಮೇಶ್ವರ ದೇವಸ್ಥಾನದ ವಿಸ್ತರಣೆ
- 1800: ಲ್ಯಾಂಬ್ಟನ್ ಅವರ ಭೂಮಾಪನ ರೇಖೆ
- 1809: ಬೆಂಗಳೂರಿಗೆ ಬಂದ ಬ್ರಿಟಿಷ್ ದಂಡು
- 1851: ಟ್ರಿನಿಟಿ ಚರ್ಚ್
- 1864: ದಂಡು ರೈಲು ನಿಲ್ದಾಣ
- 1882: ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ, ವೈಟ್‌ಫೀಲ್ಡ್ ಊರು
- 1883: ಮೇಯೋ ಹಾಲ್
- 1933: ರಸೆಲ್ ಮಾರುಕಟ್ಟೆ ಉದ್ಘಾಟನೆ

ಕಾಡುಗೋಡಿ: ಕೆರೆ ಕಟ್ಟಿದವರ ಹೆಸರು ಕಲ್ಲಿನ ಮೇಲೆ

ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣದ ಹತ್ತಿರದ ಕಾಡುಗೋಡಿ ಈಗ ಐಟಿ ಕಂಪನಿಗಳ ಊರು. ಆದರೆ ಇಲ್ಲಿನ ಕಾಶಿ ವಿಶ್ವೇಶ್ವರ ದೇವಸ್ಥಾನದಲ್ಲಿ 1043ರ ಶಾಸನ ಇದೆ. ಅದು ರಾಜೇಂದ್ರ ಚೋಳನ ಕಾಲದ್ದು. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಎಂಬ ಅಧಿಕಾರಿ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ್ದು, ದೇವರುಗಳನ್ನು ಪ್ರತಿಷ್ಠಾಪಿಸಿದ್ದು ಅದರಲ್ಲಿದೆ.

ಪಟ್ಟಂದೂರು ಅಂದರೆ ಇವತ್ತಿನ ಪಟ್ಟಂದೂರು ಅಗ್ರಹಾರವೇ. ಸಾವಿರ ವರ್ಷ ಆದರೂ ಊರಿನ ಹೆಸರು ಬದಲಾಗಿಲ್ಲ. ‘ಗಾವುಂಡ’ ಅನ್ನೋದು ನಮ್ಮ ‘ಗೌಡ’ ಪದದ ಹಳೆಯ ರೂಪ. ಅಪ್ಪನ ಬಿರುದು ಗಾವುಂಡ, ಮಗನದು ವೇಳಾನ್. ಚೋಳರ ಆಳ್ವಿಕೆ ಬಂದಮೇಲೆ ಸ್ಥಳೀಯರ ಹೆಸರು, ಪದವಿ ಹೇಗೆ ಬದಲಾಯ್ತು ಅನ್ನೋದು ಈ ಎರಡು ಹೆಸರಲ್ಲೇ ಗೊತ್ತಾಗುತ್ತೆ.

ದೊಮ್ಮಲೂರು: ಫ್ಲೈಓವರ್ ಪಕ್ಕದ ಚೋಳರ ಗುಡಿ

ದೊಮ್ಮಲೂರು ಹಳೆಯ ಊರಿನೊಳಗೆ, ಸ್ವಲ್ಪ ಎತ್ತರದ ಜಾಗದಲ್ಲಿ ಚೊಕ್ಕನಾಥಸ್ವಾಮಿ ದೇವಸ್ಥಾನ ಇದೆ. ವಿಷ್ಣುವಿನ ಗುಡಿ. ಶಾಸನಗಳಲ್ಲಿ ದೇವರ ಹೆಸರು ಚೊಕ್ಕಪ್ಪೆರುಮಾಳ್, ಊರಿನ ಹೆಸರು ತೊಂಬಲೂರು ಅಥವಾ ದೇಸಿಮಾಣಿಕ್ಯಪಟ್ಟಣ. ‘ಪಟ್ಟಣ’ ಅಂದರೆ ವ್ಯಾಪಾರದ ಊರು. ಅಂದರೆ ಇಂದಿರಾನಗರದ ಪಕ್ಕದ ಈ ಜಾಗದಲ್ಲಿ ಅಂಗಡಿ ಬೀದಿ ಇದ್ದದ್ದು ಇವತ್ತು ನಿನ್ನೆಯ ಮಾತಲ್ಲ.

1270ರ ತಮಿಳು ಶಾಸನ ಗುಡಿಯ ಬಾಗಿಲಿಗೆ ಎರಡು ಕಂಬ ದಾನ ಕೊಟ್ಟವರ ಬಗ್ಗೆ ಹೇಳುತ್ತೆ. 1290ರ ಇನ್ನೊಂದು ಶಾಸನದಲ್ಲಿ ಹೊಯ್ಸಳ ವೀರ ರಾಮನಾಥನು ಊರಿನ ತೆರಿಗೆಯಲ್ಲಿ ಹತ್ತು ಪೊನ್ನು ದೇವರಿಗೆ ಬಿಟ್ಟ ವಿಷಯ ಇದೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಊರಿನ ಮನೆ, ಬಾವಿ, ಜಮೀನಿನ ತೆರಿಗೆಯನ್ನೂ ಗುಡಿಗೆ ಕೊಟ್ಟಿದ್ದಾರೆ.

ಮತ್ತೊಂದು ಶಾಸನದಲ್ಲಿ ‘ವಿಣ್ಣಮಂಗಲ’ದ ಕೆರೆ ಹೆಸರು ಬರುತ್ತೆ. ಇದನ್ನು ಈಗಿನ ಬಿನ್ನಮಂಗಲ ಅಂತ ಗುರುತಿಸುತ್ತಾರೆ. ಇಂದಿರಾನಗರ ಬಡಾವಣೆ ಎದ್ದದ್ದು ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ. ಆದರೆ ಅದು ನಿಂತಿರುವ ಊರಿನ ಹೆಸರು ಏಳು ಶತಮಾನ ಹಳೆಯದು. ಬಿಲ್ಲಿನ ಮೇಲೆ ‘ಬಿನ್ನಮಂಗಲ’ ಅಂತ ವಿಳಾಸ ಹಾಕುವ ಅಂಗಡಿಯವರು ಖುಷಿ ಪಡಬೇಕಾದ ವಿಷಯ ಇದು.

ವಿಭೂತಿಪುರ: ಕಾಡು ಕಡಿದು ಕೆರೆ ಕಟ್ಟಿದ ಕತೆ

ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರದ ವಿಭೂತಿಪುರದಲ್ಲಿ 1307ರ ತಮಿಳು ಶಾಸನ ಸಿಕ್ಕಿದೆ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು. ಕಾಡಿನ ಜಾಗ ಸಮ ಮಾಡಿ, ಕೆರೆ ತೋಡಿ, ಊರು ಕಟ್ಟಿದ ಸಂಗತಿ ಅದರಲ್ಲಿದೆ. ಆ ಕೆರೆ ಇವತ್ತಿಗೂ ಇದೆ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಮಳೆ ನೀರು ಹಿಡಿದಿಟ್ಟರೆ ಮಾತ್ರ ಬೆಳೆ. ಅದಕ್ಕೇ ನಮ್ಮ ಕಡೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರೋದು ಕೆರೆ, ತೂಬು, ಗದ್ದೆ. ಮೇಲಿನ ಕೆರೆ ತುಂಬಿದರೆ ನೀರು ಕೋಡಿ ಬಿದ್ದು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗಬೇಕು. ಈ ದಾರಿ ಮುಚ್ಚಿದರೆ ನೀರು ಅಂಗಡಿಗೆ, ಬೇಸ್‌ಮೆಂಟಿಗೆ ನುಗ್ಗುತ್ತೆ. ಪ್ರತಿ ಮಳೆಗಾಲದಲ್ಲಿ ಮಹದೇವಪುರ, ಕೆ.ಆರ್.ಪುರ ಭಾಗದವರು ಅನುಭವಿಸೋದು ಇದನ್ನೇ. ಹಳೆಯ ಕೆರೆ ಅನ್ನೋದು ಬರೀ ಇತಿಹಾಸ ಅಲ್ಲ, ಇವತ್ತಿನ ಅಗತ್ಯ.

ಹಲಸೂರು: ಸೋಮೇಶ್ವರ, ಕೆರೆ, ಗಡಿ ಗೋಪುರ

ಪೂರ್ವ ಬೆಂಗಳೂರಿನಲ್ಲಿ ಒಂದೇ ಒಂದು ಜಾಗ ನೋಡಬೇಕು ಅಂದರೆ ಹಲಸೂರು ಸೋಮೇಶ್ವರ ದೇವಸ್ಥಾನ ನೋಡಿ. ಗರ್ಭಗುಡಿಯ ಮೂಲ ಚೋಳರ ಕಾಲದ್ದು ಅಂತ ಹೇಳುತ್ತಾರೆ. ಈಗ ಕಾಣುವ ರಾಜಗೋಪುರ, 48 ಕಂಬಗಳ ತೆರೆದ ಮಂಟಪ ವಿಜಯನಗರ ಶೈಲಿಯವು. ಇವನ್ನು ಯಲಹಂಕ ನಾಡಪ್ರಭುಗಳ ಕಾಲದಲ್ಲಿ, ಹಿರಿಯ ಕೆಂಪೇಗೌಡರು ವಿಸ್ತರಿಸಿದರು ಅಂತ ನಂಬಿಕೆ.

ಬೇಟೆಗೆ ಬಂದ ಗೌಡರು ದಣಿದು ಮರದ ಕೆಳಗೆ ಮಲಗಿದರಂತೆ. ಕನಸಲ್ಲಿ ಸೋಮೇಶ್ವರ ಬಂದು, ಇಲ್ಲಿ ನಿಧಿ ಇದೆ, ಅದರಲ್ಲಿ ಗುಡಿ ಕಟ್ಟಿಸು ಅಂದನಂತೆ. ಈ ಕತೆಯನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಇನ್ನು ಕೆಲವರು ಆ ಗೌಡರು ಕೆಂಪೇಗೌಡರಲ್ಲ, ಅವರ ಹಿರಿಯರಾದ ಜಯಪ್ಪಗೌಡರು ಅಂತಾರೆ.

ಒಳಗೆ ಹೋದಾಗ ಅವಸರ ಮಾಡಬೇಡಿ. ರಾವಣ ಕೈಲಾಸ ಎತ್ತುವುದು, ಮಹಿಷಮರ್ದಿನಿ, ಗಿರಿಜಾ ಕಲ್ಯಾಣ, ಸಪ್ತರ್ಷಿಗಳು ಇವೆಲ್ಲ ಕಲ್ಲಲ್ಲಿವೆ. ಮಕ್ಕಳಿಗೆ ಒಂದೊಂದೇ ಹುಡುಕಲು ಹೇಳಿ, ಅರ್ಧ ಗಂಟೆ ಹೇಗೆ ಹೋಯ್ತು ಅಂತ ಗೊತ್ತಾಗಲ್ಲ. ದೇವಸ್ಥಾನದ ಪಕ್ಕ ಮುಚ್ಚಿಹೋಗಿದ್ದ ಕಲ್ಯಾಣಿ 2010ರಲ್ಲಿ ಮಣ್ಣು ತೆಗೆದಾಗ ಬೆಳಕಿಗೆ ಬಂತು. ಜನ ದಿನಾ ಓಡಾಡುವ ಜಾಗದ ಕೆಳಗೇ ಇಷ್ಟು ವರ್ಷ ಅದು ಇತ್ತು.

ಹತ್ತಿರದಲ್ಲೇ ಹಲಸೂರು ಕೆರೆ. ಸುಮಾರು 120 ಎಕರೆ ವಿಸ್ತಾರ, ಮಧ್ಯೆ ಚಿಕ್ಕ ಚಿಕ್ಕ ದ್ವೀಪಗಳು. ಕೆರೆಯ ಬಳಿ ಬಂಡೆ ಮೇಲೆ ಕೆಂಪೇಗೌಡ ಗೋಪುರ ಇದೆ. ಊರಿನ ಗಡಿ ತೋರಿಸಲು ಕಟ್ಟಿದ್ದು ಅಂತ ಹೇಳುವ ನಾಲ್ಕು ಗೋಪುರಗಳಲ್ಲಿ ಇದು ಪೂರ್ವದ್ದು. ಉಳಿದ ಮೂರು ಲಾಲ್‌ಬಾಗ್, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದಲ್ಲಿವೆ. ನಾಲ್ಕು ದಿಕ್ಕಿನ ಈ ಗೋಪುರಗಳನ್ನು ದಾಟಿ ಊರು ಬೆಳೆಯುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಈಗ ಹಲಸೂರೇ ನಗರದ ನಡುಮಧ್ಯ ಆಗಿಬಿಟ್ಟಿದೆ. ಈ ಗೋಪುರ ಸೇನೆಯ ಮದ್ರಾಸ್ ಸ್ಯಾಪರ್ಸ್ ಇರುವ ಕಡೆ ಇರೋದರಿಂದ, ಹತ್ತಿರ ಹೋಗಬೇಕಾದರೆ ಮೊದಲೇ ವಿಚಾರಿಸಿಕೊಳ್ಳಿ.

ದಂಡು ಬಂದದ್ದು ಹೇಗೆ?

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಜ್ವರ, ಸೊಳ್ಳೆ ಕಾಟಕ್ಕೆ ಸೈನಿಕರು ಸಾಯುತ್ತಿದ್ದರು. ಹವೆ ಚೆನ್ನಾಗಿದೆ ಅಂತ 1809ರಲ್ಲಿ ಹಲಸೂರಿನ ಸುತ್ತ ದಂಡು ಹೂಡಿದರು. ‘ದಂಡು’ ಅನ್ನೋ ಹೆಸರು ಬಂದದ್ದು ಹೀಗೆ.

ಸೈನ್ಯದ ಹಿಂದೆಯೇ ಅಡುಗೆಯವರು, ದರ್ಜಿಗಳು, ಗುತ್ತಿಗೆದಾರರು, ಮಾಂಸ ತರಕಾರಿ ವ್ಯಾಪಾರಿಗಳು ಬಂದರು. ತಮಿಳು, ತೆಲುಗು, ಉರ್ದು ಮಾತಾಡುವ ಕುಟುಂಬಗಳು ಇಲ್ಲಿ ನೆಲೆಸಿದವು. ಆ ಕಡೆ ಪೇಟೆ, ಈ ಕಡೆ ದಂಡು, ನಡುವೆ ಕಬ್ಬನ್ ಪಾರ್ಕ್. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರೂ ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. 1947ರಲ್ಲಿ ಅದು ಮೈಸೂರಿಗೆ ಬಂತು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ನಗರಪಾಲಿಕೆ ಆಯ್ತು. ಇವತ್ತಿಗೂ ಹಿರಿಯರು ಶಿವಾಜಿನಗರಕ್ಕೆ ಹೊರಟರೆ ‘ದಂಡಿಗೆ ಹೋಗ್ತೀನಿ’ ಅನ್ನೋದುಂಟು.

ಶಿವಾಜಿನಗರ: ಬೆಸಿಲಿಕಾ ಮತ್ತು ರಸೆಲ್ ಮಾರುಕಟ್ಟೆ

ಶಿವಾಜಿನಗರದ ಹಳೆಯ ಹೆಸರು ಬ್ಲಾಕ್‌ಪಳ್ಳಿ. ‘ಬಿಳಿ ಅಕ್ಕಿ ಹಳ್ಳಿ’ ಅನ್ನೋದು ಬ್ರಿಟಿಷರ ಬಾಯಲ್ಲಿ ಹಾಗಾಯ್ತು ಅಂತ ಹೇಳ್ತಾರೆ. ಇಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 19ನೇ ಶತಮಾನದ ಮೊದಲ ಭಾಗದಲ್ಲಿ ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿದರು. ಈಗ ಕಾಣುವ ಎತ್ತರದ ಗೋಥಿಕ್ ಶೈಲಿಯ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆ ಆಯ್ತು. 1973ರಲ್ಲಿ ಇದಕ್ಕೆ ಬೆಸಿಲಿಕಾ ಸ್ಥಾನ ಸಿಕ್ಕಿತು.

ಇಲ್ಲಿನ ಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಒಂಬತ್ತು ದಿನದ ಪ್ರಾರ್ಥನೆ, ಕೊನೆಗೆ ತೇರು. ಹಿಂದೂ, ಮುಸ್ಲಿಂ, ಕ್ರೈಸ್ತ ಅನ್ನದೆ ಎಲ್ಲರೂ ಹರಕೆ ಹೊತ್ತು ಬರುತ್ತಾರೆ. ಅಷ್ಟೂ ದಿನ ಸುತ್ತಲಿನ ಹೂವು, ಮೇಣದಬತ್ತಿ ಅಂಗಡಿಗಳಿಗೆ ಬಿಡುವಿರಲ್ಲ.

ಪಕ್ಕದಲ್ಲೇ ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ್ದು, 1933ರಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಉದ್ಘಾಟಿಸಿದರು. ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಇಟ್ಟರು. ಕಮಾನು, ಗೋಪುರ ಎಲ್ಲ ಇಂಡೋ-ಸಾರ್ಸನಿಕ್ ಶೈಲಿ. ಒಳಗೆ ಹಣ್ಣು, ಹೂವು, ತರಕಾರಿ, ಮೀನು, ಮಾಂಸ ಎಲ್ಲ ಒಂದೇ ಸೂರಿನಡಿ.

2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆ ಸುಟ್ಟುಹೋದವು. ಇಷ್ಟಕ್ಕೆ ಕತೆ ಮುಗೀತು, ಕೆಡವಿ ಮಾಲ್ ಕಟ್ತಾರೆ ಅಂತ ಮಾತು ಬಂತು. ಆದರೆ ವ್ಯಾಪಾರಿಗಳು ಸುಮ್ಮನೆ ಕೂರಲಿಲ್ಲ. ತಾವೇ ದುಡ್ಡು ಹಾಕಿ ಮಾರುಕಟ್ಟೆಯನ್ನು ಮತ್ತೆ ನಿಲ್ಲಿಸಿದರು. ಹಳೆಯ ಕಟ್ಟಡ ಉಳಿಸೋದು ಸರ್ಕಾರದ ಕೆಲಸ, ನಮಗೇನು ಅನ್ನೋರಿಗೆ ಇದು ಉತ್ತರ. ಅಲ್ಲಿ ಉಳಿದದ್ದು ಕಟ್ಟಡ ಮಾತ್ರ ಅಲ್ಲ, ತಲೆಮಾರುಗಳಿಂದ ಬಂದ ಗಿರಾಕಿ, ನಂಬಿಕೆ, ಹೊಟ್ಟೆಪಾಡು.

ಎಂ.ಜಿ. ರಸ್ತೆ ಕಡೆ

ಎಂ.ಜಿ. ರಸ್ತೆಯ ಪೂರ್ವ ತುದಿಯಲ್ಲಿ 1851ರ ಟ್ರಿನಿಟಿ ಚರ್ಚ್ ಇದೆ. ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದ್ದು. ಒಳಗಿನ ಗೋಡೆಗಳಲ್ಲಿ ಸತ್ತ ಸೈನಿಕರ ನೆನಪಿನ ಫಲಕಗಳಿವೆ. ಮೆಟ್ರೊ ನಿಲ್ದಾಣದ ಹೆಸರೂ ಇದರಿಂದಲೇ ಬಂದದ್ದು.

ರೆಸಿಡೆನ್ಸಿ ರಸ್ತೆ ಬಳಿಯ ಮೇಯೋ ಹಾಲ್ 1883ರದ್ದು. 1872ರಲ್ಲಿ ಅಂಡಮಾನ್‌ನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿದರು. ಕೋರ್ಟು ಕೆಲಸಕ್ಕೆ ಹೋಗಿ ಬಂದವರು ಬಹಳ, ಮಹಡಿಯಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ ಇದೆ ಅಂತ ಗೊತ್ತಿರೋರು ಕಮ್ಮಿ.

ಕೆ.ಆರ್.ಪುರ: ರೈಲು ಬರುವ ಮೊದಲೇ ನೆಲ ಅಳೆದರು

1864ರ ಆಗಸ್ಟ್ 1ರಂದು ಜೋಲಾರ್‌ಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಓಡಿತು. ಬೆಂಗಳೂರಿಗೆ ಬಂದ ಮೊದಲ ರೈಲು ಮಾರ್ಗ ಅದು. ಮದ್ರಾಸಿನ ಸರಕು ಒಂದು ದಿನದಲ್ಲಿ ದಂಡಿಗೆ ಬರುವಂತಾಗಿ ವ್ಯಾಪಾರದ ರೀತಿಯೇ ಬದಲಾಯ್ತು.

ಅದಕ್ಕೂ 64 ವರ್ಷ ಮೊದಲು, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಕೆ.ಆರ್.ಪುರ ಕಡೆಯಿಂದ ಅಗರದ ಕಡೆಗೆ ಸುಮಾರು ಏಳೂವರೆ ಮೈಲಿ ನೆಲವನ್ನು ಉಕ್ಕಿನ ಸರಪಳಿ ಹಿಡಿದು ಅಳೆದರು. ಒಂದು ರೇಖೆಯ ಉದ್ದ ಸರಿಯಾಗಿ ಗೊತ್ತಾದರೆ, ಅದರ ಎರಡು ತುದಿಯಿಂದ ದೂರದ ಗುಡ್ಡಕ್ಕೆ ಕೋನ ಅಳೆದು, ಅಲ್ಲಿಗೆ ಹೋಗದೆಯೇ ದೂರ ಲೆಕ್ಕ ಹಾಕಬಹುದು. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಸೇರಿಸುತ್ತಾ ಹೋಗೋದು. 1802ರಲ್ಲಿ ಮದ್ರಾಸಿನಲ್ಲಿ ಇದೇ ವಿಧಾನದಲ್ಲಿ ಶುರುವಾದ ಮಹಾ ಭೂಮಾಪನ ಕೊನೆಗೆ ಹಿಮಾಲಯ ಮುಟ್ಟಿ ಎವರೆಸ್ಟ್ ಎತ್ತರ ಹೇಳಿತು. ಅದಕ್ಕೆ ಮೊದಲು ಕೈ ಪಳಗಿಸಿದ್ದು ನಮ್ಮ ನೆಲದ ಮೇಲೆ.

ನಂತರ 1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ರೇಖೆ ಅಳೆದಾಗ ಬಳಸಿದ ವೀಕ್ಷಣಾ ಕಟ್ಟಡ ಹೆಣ್ಣೂರು–ಬಾಗಲೂರು ರಸ್ತೆ ಕಡೆ ಇತ್ತು. 2024ರ ಆರಂಭದಲ್ಲಿ ಅದು ನೆಲಸಮವಾಯಿತು. ಒಂದೂವರೆ ಶತಮಾನ ನಿಂತಿದ್ದ ಕಟ್ಟಡದ ಬಗ್ಗೆ ಹೆಚ್ಚಿನವರು ಮೊದಲ ಸಲ ಓದಿದ್ದೇ ಅದು ಹೋದ ಸುದ್ದಿಯಲ್ಲಿ.

ವೈಟ್‌ಫೀಲ್ಡ್

1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ್ ಆಂಗ್ಲೋ-ಇಂಡಿಯನ್ ಸಮುದಾಯಕ್ಕೆ ಕೃಷಿ ಮಾಡಿ ಬದುಕಲು 3,900 ಎಕರೆ ಜಾಗ ಕೊಟ್ಟರು. ಸಂಘದ ಮುಖ್ಯಸ್ಥ ಡಿ.ಎಸ್. ವೈಟ್ ಅವರಿಂದ ಊರಿಗೆ ಹೆಸರು ಬಂತು. ವೃತ್ತಾಕಾರದ ಹಳೆಯ ಊರು ‘ಇನ್ನರ್ ಸರ್ಕಲ್’ ಈಗಲೂ ಇದೆ. ಹಳೆಯ ಹೆಂಚಿನ ಮನೆಗಳು ಮಾತ್ರ ವರ್ಷ ವರ್ಷ ಕಡಿಮೆ ಆಗ್ತಿವೆ.

ಜಗತ್ತಿನಲ್ಲೂ ಹೀಗೇ ಆಗಿದೆ

ರೋಮ್‌ನ ಕೊಲೋಸಿಯಂ ನೋಡಲು ಈಗ ಜನ ಸಾಲು ನಿಲ್ಲುತ್ತಾರೆ. ಆದರೆ ಶತಮಾನಗಳ ಕಾಲ ಅಲ್ಲಿನವರೇ ಅದರ ಕಲ್ಲು ಕಿತ್ತು ಬೇರೆ ಕಟ್ಟಡಕ್ಕೆ ಹಾಕಿದ್ದರು. ಈಜಿಪ್ಟಿನ ಹಳೆಯ ಲಿಪಿ ಓದಲು ದಾರಿ ಮಾಡಿಕೊಟ್ಟ ರೊಸೆಟ್ಟಾ ಕಲ್ಲು 1799ರಲ್ಲಿ ಸಿಕ್ಕಿದ್ದು ಒಂದು ಕೋಟೆಯ ಗೋಡೆಯಲ್ಲಿ, ಸಾಮಾನ್ಯ ಕಟ್ಟಡದ ಕಲ್ಲಾಗಿ. ಅದನ್ನು ಯಾರೋ ಗಮನಿಸಿದ್ದರಿಂದ ಉಳಿಯಿತು. ನಮ್ಮಲ್ಲೂ ಶಾಸನದ ಕಲ್ಲುಗಳು ಚರಂಡಿ ಹಾಸು, ಬಟ್ಟೆ ಒಗೆಯುವ ಬಂಡೆ, ಹಿತ್ತಲ ಮೆಟ್ಟಿಲು ಆಗಿರೋದು ಹೊಸದಲ್ಲ. ನೋಡುವ ಕಣ್ಣು ಬೇಕು.

ಕಾನೂನು ಏನು ಹೇಳುತ್ತೆ?

ಕೇಂದ್ರದ 1958ರ ಪುರಾತತ್ವ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆ ಇದೆ. ಆದರೆ ಇವು ಅಧಿಸೂಚನೆ ಹೊರಡಿಸಿದ ಸ್ಮಾರಕಗಳಿಗೆ ಮಾತ್ರ. ಹಳೆಯದು ಅಂದ ಮಾತ್ರಕ್ಕೆ ರಕ್ಷಣೆ ಸಿಗಲ್ಲ.

ಇದರ ಇನ್ನೊಂದು ಮುಖವನ್ನೂ ತಿಳಿದುಕೊಳ್ಳಿ. ‘ಕಲ್ಲು ಸಿಕ್ತು ಅಂತ ಹೇಳಿದರೆ ಸೈಟ್ ಹೋಗುತ್ತೆ’ ಅನ್ನೋ ಹೆದರಿಕೆ ಬಹಳ ಜನರಿಗಿದೆ. ಅದಕ್ಕೇ ರಾತ್ರೋರಾತ್ರಿ ಒಡೆದು ಹಾಕ್ತಾರೆ. ನಿಮ್ಮ ಜಾಗದಲ್ಲಿ ಶಾಸನ ಸಿಕ್ಕ ಮಾತ್ರಕ್ಕೆ ಜಾಗ ಸರ್ಕಾರದ್ದಾಗಲ್ಲ. ಸಂರಕ್ಷಿತ ಅಂತ ಘೋಷಿಸಲು ಅಧಿಸೂಚನೆ ಬೇಕು, ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕು. ಹೆಚ್ಚಿನ ಸಂದರ್ಭದಲ್ಲಿ ಶಾಸನವನ್ನು ಓದಿ, ದಾಖಲಿಸಿ, ಸುರಕ್ಷಿತವಾಗಿ ನಿಲ್ಲಿಸಿದರೆ ಸಾಕಾಗುತ್ತೆ.

ಕಲ್ಲು ಕಂಡರೆ ಏನು ಮಾಡಬೇಕು?

- ಪಾಯ ತೋಡುವಾಗ, ಚರಂಡಿ ಕೆಲಸದಲ್ಲಿ ಅಕ್ಷರ ಅಥವಾ ವೀರನ ಚಿತ್ರ ಇರುವ ಕಲ್ಲು ಕಂಡರೆ ಜೆಸಿಬಿ ನಿಲ್ಲಿಸಿ.
- ಹಾಗೇ ಫೋಟೊ ತೆಗೆಯಿರಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತೆ.
- ಉಳಿ, ಆ್ಯಸಿಡ್, ತಂತಿ ಬ್ರಷ್ ಹಾಕಬೇಡಿ. ಬಣ್ಣ ಬಳಿಯಬೇಡಿ. ಎಣ್ಣೆ, ಕುಂಕುಮ ದಪ್ಪಗೆ ಮೆತ್ತಬೇಡಿ.
- ರಾಜ್ಯ ಪುರಾತತ್ವ ಇಲಾಖೆಗೆ ಅಥವಾ ಕೆ.ಆರ್.ಪುರದ ಪೂರ್ವ ತಾಲ್ಲೂಕು ಕಚೇರಿಗೆ ತಿಳಿಸಿ.
- ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಅವರಿಗೆ ಹೇಳಿದರೆ ಓದಿ ತಿಳಿಸುವವರಿದ್ದಾರೆ.

ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲೇ ಪ್ರಕಟಿಸಿದ್ದರು. ಆಗ ಇದ್ದ ಕಲ್ಲುಗಳಲ್ಲಿ ಎಷ್ಟೋ ಈಗ ಜಾಗದಲ್ಲಿಲ್ಲ. ಪುಸ್ತಕದಲ್ಲಿ ಪಠ್ಯ ಇದೆ, ನೆಲದ ಮೇಲೆ ಅಪಾರ್ಟ್‌ಮೆಂಟ್ ಇದೆ.

ಒಂದು ಭಾನುವಾರದ ಸುತ್ತಾಟ

ಬೆಳಗ್ಗೆ ಬೇಗ ಶಿವಾಜಿನಗರ ಬಸ್ ನಿಲ್ದಾಣಕ್ಕೆ ಬನ್ನಿ. ಬೆಸಿಲಿಕಾ, ರಸೆಲ್ ಮಾರುಕಟ್ಟೆ ನಡೆದೇ ನೋಡಬಹುದು. ಅಲ್ಲೇ ತಿಂಡಿ ಮುಗಿಸಿ ಆಟೊದಲ್ಲಿ ಹಲಸೂರಿಗೆ ಹೋಗಿ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕೋದರಿಂದ ಸೋಮೇಶ್ವರ, ದೊಮ್ಮಲೂರು ಎರಡನ್ನೂ ಅದಕ್ಕೆ ಮುಂಚೆ ಮುಗಿಸಿಕೊಳ್ಳಿ. ಊಟ ಆದಮೇಲೆ ಇಂದಿರಾನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕೆ.ಆರ್.ಪುರ ದಾಟಿ ಕಾಡುಗೋಡಿಗೆ ನೇರ ಹೋಗಬಹುದು. ಸಂಜೆ ಗುಡಿ ಬಾಗಿಲು ತೆಗೆದಾಗ ಶಾಸನ ನೋಡಿ ವಾಪಸ್ ಬನ್ನಿ. ಮೇಯೋ ಹಾಲ್‌ಗೆ ಮಾತ್ರ ಬೇರೆ ದಿನ, ಕಚೇರಿ ವೇಳೆಯಲ್ಲಿ ಹೋಗೋದು ಒಳ್ಳೆಯದು. ಪೂಜೆ, ಪ್ರಾರ್ಥನೆ ನಡೆಯುವ ಕಡೆ ಕೇಳಿಯೇ ಫೋಟೊ ತೆಗೆಯಿರಿ.

ಅಂಗಡಿಯವರಿಗೆ ಒಂದು ಮಾತು. ಹೊರಗಿನಿಂದ ಬಂದವರು ಮೊದಲು ದಾರಿ ಕೇಳೋದು ನಿಮ್ಮನ್ನೇ. ‘ಸೋಮೇಶ್ವರ ಗುಡಿ ಅಲ್ಲಿದೆ’ ಅನ್ನೋದರ ಜೊತೆ ‘ಕಂಬದ ಮೇಲಿನ ರಾವಣನ್ನ ನೋಡ್ಕೊಂಡು ಬನ್ನಿ’ ಅಂತ ಒಂದು ಮಾತು ಸೇರಿಸಿ. ಬಂದವರು ಅರ್ಧ ಗಂಟೆ ಜಾಸ್ತಿ ಇರ್ತಾರೆ, ನಿಮ್ಮಲ್ಲೇ ಕಾಫಿ ಕುಡೀತಾರೆ. ನಿಮ್ಮ ಬೀದಿಯಲ್ಲಿ, ಗುಡಿಯಲ್ಲಿ, ಹಿತ್ತಲಲ್ಲಿ ಹೀಗೆ ಹಳೆಯ ಕಲ್ಲು, ಬಾವಿ, ಕಟ್ಟಡ ಇದ್ದರೆ ಫೋಟೊ ಸಮೇತ ನಮಗೂ ತಿಳಿಸಿ. ಅದು ಹೋಗುವ ಮೊದಲು ಸುದ್ದಿ ಮಾಡೋಣ.